ಸೆಲ್ಫ್ ತಿರುಗದ ಕಾರು: ಬ್ಯಾಟರಿ ಬದಲಿಸುವ ಮುನ್ನ ಅಳೆಯಬೇಕಾದದ್ದು

ಮೋಟಾರು ವಾಹನ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. "ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂಬ ಒಂದೇ ದೂರಿನಲ್ಲಿ ಎರಡು ಬೇರೆ ತೊಂದರೆಗಳು ಅಡಗಿರುತ್ತವೆ. ಕೀಲಿ ತಿರುಗಿಸಿದಾಗ ಸೆಲ್ಫ್ ಮೋಟಾರು ಎಂಜಿನ್ನನ್ನು ಎಂದಿನ ವೇಗದಲ್ಲಿ ತಿರುಗಿಸಿದರೆ ಬ್ಯಾಟರಿಯನ್ನು ಬಿಟ್ಟು ಇಂಧನ, ಸ್ಪಾರ್ಕ್, ಕ್ರ್ಯಾಂಕ್ ಸೆನ್ಸರ್, ಇಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಲಾಕ್) ಕಡೆ ಹೋಗಿ. ತಿರುಗದಿದ್ದರೆ ಮುಂದಿನದು ನಿಮಗೆ.

ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ಬೆಳಕು ಕುಸಿದು 'ಟಕಟಕ' ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಕೆಟ್ಟಿದೆ. ಬೆಳಕು ಮಂಕಾಗದೆ ಸದ್ದೂ ಇಲ್ಲದಿದ್ದರೆ, ಸೆಲ್ಫ್ ಮೋಟಾರಿಗೆ ದೊಡ್ಡ ಕರೆಂಟ್ ಹರಿಸುವ ವಿದ್ಯುತ್ಕಾಂತ ಸ್ವಿಚ್ಚಾದ ಸೊಲೆನಾಯ್ಡ್‌ಗೆ ಆಜ್ಞೆಯೇ ತಲುಪಿಲ್ಲ: ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್ ನೋಡಿ. ಒಂದೇ ಒಂದು 'ಟಕ್' ಬಂದು ನಿಂತರೆ ಸೊಲೆನಾಯ್ಡ್‌ನ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ದಪ್ಪ ಕೇಬಲ್‌ಗಳ ಜೋಡಣೆಯೂ ಕೆಟ್ಟಿರಬಹುದು.

ಈಗ ಮಲ್ಟಿಮೀಟರ್. ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಎಂದರೆ ಸುಮಾರು ಅರ್ಧ. ಆದರೆ ಭಾರವಿಲ್ಲದೆ, ಅಂದರೆ ಕರೆಂಟ್ ಎಳೆಯದಿರುವಾಗ, ಅಳೆದ ಈ ಅಂಕಿಯನ್ನು ನಂಬಿ ತೀರ್ಪು ಕೊಡಬೇಡಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ಅಳೆಯಿರಿ. ಆಗಲೂ ಇಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು.

ನಾವು ಚೆನ್ನಾಗಿ ಕಲಿಯಲೇಬೇಕಾದದ್ದು ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟ್ ಹರಿಯುವ ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.02 ಓಮ್ ತಡೆ ಇದ್ದರೂ ಅಲ್ಲೇ 3 ವೋಲ್ಟ್ ಕಳೆದುಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರಿನ ಓಮ್ ಅಳತೆ ಹಿಡಿಯಲಾರದು. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಹೊತ್ತಿಕೊಳ್ಳದಂತೆ ಇಂಧನ ಪಂಪಿನ ಫ್ಯೂಸ್ ತೆಗೆದಿಡಿ. ಮೀಟರಿನ ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕ್‌ನ ಬರಿಯ ಲೋಹಕ್ಕೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಒತ್ತಿಹಿಡಿದು, ಜೊತೆಗಾರರಿಗೆ ಸೆಲ್ಫ್ ಹೊಡೆಯಲು ಹೇಳಿ. ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ ಇಡಿ; ಇಲ್ಲವಾದರೆ ಕೆಟ್ಟ ಜಾಗವೇ ಅಳತೆಯಿಂದ ತಪ್ಪಿಸಿಕೊಳ್ಳುತ್ತದೆ. ಅರ್ಥ್ ಕಡೆ ಸುಮಾರು 0.2 ವೋಲ್ಟ್, ಪಾಸಿಟಿವ್ ಕಡೆ (ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನವರೆಗೆ) ಸುಮಾರು 0.5 ವೋಲ್ಟ್ ಮೀರಬಾರದು. ಮೋಟಾರು ಕರೆಂಟನ್ನೇ ಎಳೆಯದಿದ್ದರೆ ಈ ಅಳತೆ ಸೊನ್ನೆಯ ಹತ್ತಿರ ಬರುತ್ತದೆ. ಅದನ್ನು 'ಎಲ್ಲ ಸರಿಯಿದೆ' ಎಂದು ಓದಬೇಡಿ.

ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಬ್ಯಾಟರಿ ನೆಗೆಟಿವ್ ಕಡೆಯನ್ನು ಎಂಜಿನ್, ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು, ಕೆಸರು ಬಡಿಯುವ ಜಾಗದಲ್ಲಿ ಆ ಬೋಲ್ಟ್ ಇರುತ್ತದೆ. ಮೇಲೆ ಬಿಗಿಯಾಗಿ ಕಂಡರೂ ಲಗ್ (ಪಟ್ಟಿಯ ತುದಿಯ ಲೋಹದ ಬಿಲ್ಲೆ) ಅಡಿಯಲ್ಲಿ ತುಕ್ಕು ಹರಡಿರುತ್ತದೆ. ಬೇಗ ಖಚಿತಪಡಿಸಿಕೊಳ್ಳಲು ಜಂಪರ್ ಕೇಬಲ್‌ನ ಒಂದೇ ಎಳೆಯನ್ನು ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕ್‌ಗೆ ಹಾಕಿ. ಸೆಲ್ಫ್ ಹುರುಪಿನಿಂದ ತಿರುಗಿದರೆ ಕಳ್ಳ ಸಿಕ್ಕಿದ. ಅಡಿಕೆ, ಭತ್ತ ಇಟ್ಟ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯಾದರೆ ಇಲಿ ಕಡಿದ ತಂತಿಯನ್ನೂ ಹುಡುಕಿ. ಸೊಲೆನಾಯ್ಡ್‌ಗೆ ಹೋಗುವ ತೆಳು ತಂತಿ ಕಡಿದರೆ ಸೆಲ್ಫ್ ಸದ್ದೇ ಮಾಡದು.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಪುಡಿಗಟ್ಟಿದ್ದನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ತೆಗೆದಿಟ್ಟ ಫ್ಯೂಸ್ ಮರಳಿ ಹಾಕಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ನಿಂತಾಗಿನ ಅಂಕಿಗಿಂತ ಮೇಲೇರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಪರೀಕ್ಷಿಸದೆ ಗಾಡಿಯನ್ನು ಮಾಲೀಕರಿಗೆ ಒಪ್ಪಿಸಬೇಡಿ.