ಫಾಲ್ಟ್ ಮಾಡುವುದು ಸುಲಭವಾಯಿತು, ರಿಲೇ ಡಬ್ಬಿಯೊಳಗೆ ಸೇರಿತು

ಪವರ್ ಸಿಸ್ಟಮ್ ಪ್ರೊಟೆಕ್ಷನ್, ಅಂದರೆ ವಿದ್ಯುತ್ ಜಾಲವನ್ನು ಕಾಯುವ ವಿದ್ಯೆ, ಕಲಿಸುವವರಿಗೆ ಮೊದಲಿನಿಂದಲೂ ಒಂದು ತಲೆನೋವಿದೆ. ಪಾಠ ಇರುವುದೇ ಫಾಲ್ಟ್ (ಲೈನ್ ನೆಲಕ್ಕೋ ಇನ್ನೊಂದು ಲೈನಿಗೋ ತಾಗುವಂಥ ದೋಷ) ಬಗ್ಗೆ, ಆದರೆ ಪಾಠಕ್ಕೆಂದು ಫಾಲ್ಟ್ ಮಾಡುವ ಹಾಗಿಲ್ಲ. ಮೋಟಾರ್ ಬಗ್ಗೆ ಓದುವವರು ಮೋಟಾರ್ ಓಡಿಸಿ ನೋಡಬಹುದು. 400 ಕೆವಿ ಲೈನನ್ನು ನೆಲಕ್ಕೆ ತಾಗಿಸಿ ‘ಈಗ ಏನಾಗುತ್ತೆ ನೋಡಿ’ ಅನ್ನಲು ಯಾರು ಬಿಡ್ತಾರೆ? ಹಾಗಾಗಿ ಇಲ್ಲಿ ಸಿಮ್ಯುಲೇಷನ್ ಅನ್ನುವುದು ನಿನ್ನೆ ಮೊನ್ನೆ ಬಂದ ಶೋಕಿ ಅಲ್ಲ. ಡಿಜಿಟಲ್ ಕಂಪ್ಯೂಟರ್ ಹುಟ್ಟುವ ಮೊದಲೇ ಅದು ಇತ್ತು.

1929ರಲ್ಲಿ ಅಮೆರಿಕದ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಎಸಿ ನೆಟ್‌ವರ್ಕ್ ಅನಲೈಸರ್ ಕಟ್ಟಿದವು. ಒಂದು ಕೋಣೆ ತುಂಬುವ ಯಂತ್ರ. ಲೈನ್ ಬದಲಿಗೆ ಪುಟ್ಟ ಇಂಡಕ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳು, ಜನರೇಟರ್ ಬದಲಿಗೆ ಫೇಸ್ ತಿರುಗಿಸಬಲ್ಲ ಸಣ್ಣ ಸೋರ್ಸ್‌ಗಳು. ವೈರ್ ಚುಚ್ಚಿದರೆ ಫಾಲ್ಟ್, ಮೀಟರ್ ಓದಿದರೆ ಉತ್ತರ. ಫೋರ್ಟೆಸ್ಕ್ಯೂ ಅನ್ನುವ ಎಂಜಿನಿಯರ್ 1918ರಲ್ಲಿ ಕೊಟ್ಟ ಸಿಮೆಟ್ರಿಕಲ್ ಕಾಂಪೊನೆಂಟ್ಸ್ ವಿಧಾನವನ್ನು (ಮೂರು ಫೇಸ್‌ಗಳ ಏರುಪೇರಾದ ಕರೆಂಟನ್ನು ಪಾಸಿಟಿವ್, ನೆಗೆಟಿವ್, ಜೀರೋ ಅನ್ನುವ ಮೂರು ಸಮನಾದ ಭಾಗಗಳ ಮೊತ್ತವಾಗಿ ಒಡೆಯುವುದು) ಇಂಥ ಬೋರ್ಡ್‌ಗಳ ಮೇಲೆ ಕೈಯಲ್ಲೇ ಮಾಡಬಹುದಿತ್ತು. ಒಂದು ಫೇಸ್ ನೆಲಕ್ಕೆ ತಾಗಿದರೆ ಪಾಸಿಟಿವ್, ನೆಗೆಟಿವ್, ಜೀರೋ ಸೀಕ್ವೆನ್ಸ್ ನೆಟ್‌ವರ್ಕ್ ಮೂರನ್ನೂ ಸೀರೀಸ್‌ನಲ್ಲಿ ಜೋಡಿಸಬೇಕು ಅಂತ ಇವತ್ತು ಬಾಯಿಪಾಠ ಮಾಡ್ತೀವಲ್ಲ, ಅದನ್ನು ಅವರು ನಿಜವಾಗಿ ವೈರ್ ಹಿಡಿದು ಜೋಡಿಸುತ್ತಿದ್ದರು. ಆದರೆ ಆ ಬೋರ್ಡ್ ತೋರಿಸುತ್ತಿದ್ದುದು ಎಲ್ಲ ನೆಲೆಗೆ ನಿಂತ ಮೇಲಿನ ಲೆಕ್ಕ ಮಾತ್ರ. ಫಾಲ್ಟ್ ಆದ ಮೊದಲ ಕೆಲವು ಮಿಲಿಸೆಕೆಂಡ್‌ಗಳ ಗಲಾಟೆ ಅದರಲ್ಲಿ ಕಾಣುತ್ತಿರಲಿಲ್ಲ.

ಫಾಲ್ಟ್ ಗುರುತಿಸಿ, ಲೈನ್ ಬಿಚ್ಚು ಅಂತ ಬ್ರೇಕರ್ ಅನ್ನುವ ದೊಡ್ಡ ಸ್ವಿಚ್ಚಿಗೆ ಹೇಳುವ ಸಾಧನ ರಿಲೇ. ಆಗಿನ ರಿಲೇ ಮಾತ್ರ ಕಣ್ಣಿಗೆ ಕಾಣುವಂಥದ್ದು. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ಡಿಸ್ಕ್. ಕರೆಂಟ್ ಜಾಸ್ತಿಯಾದಷ್ಟೂ ಬೇಗ ತಿರುಗುತ್ತದೆ, ಕಾಂಟ್ಯಾಕ್ಟ್ ಮುಟ್ಟುತ್ತದೆ, ಬ್ರೇಕರ್ ಟ್ರಿಪ್. ಎಷ್ಟು ಕರೆಂಟಿಗೆ ಎಷ್ಟು ಹೊತ್ತಿನಲ್ಲಿ ಟ್ರಿಪ್ ಅಂತ ಹೇಳುವ ಇವತ್ತಿನ ಐಇಸಿ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್ ಆ ಡಿಸ್ಕಿನ ನಡತೆಯ ಪಳೆಯುಳಿಕೆ. ಟೈಮ್ ಮಲ್ಟಿಪ್ಲೈಯರ್ (ಆ ಹೊತ್ತನ್ನು ಹಿಗ್ಗಿಸುವ, ಕುಗ್ಗಿಸುವ ಗುಣಕ) 1 ಇಟ್ಟು ಸೆಟ್ಟಿಂಗ್‌ನ ಎರಡು ಪಟ್ಟು ಕರೆಂಟ್ ಕೊಟ್ಟರೆ ಸುಮಾರು 10 ಸೆಕೆಂಡ್, ಹತ್ತು ಪಟ್ಟು ಕೊಟ್ಟರೆ ಸುಮಾರು 3 ಸೆಕೆಂಡ್. ಲ್ಯಾಬಿನಲ್ಲಿ ಡಿಸ್ಕ್ ಮುಂದೆ ಸ್ಟಾಪ್‌ವಾಚ್ ಹಿಡಿದು ಕೂತವರಿಗೆ ಈ ಕರ್ವ್ ಮರೆಯುವುದೇ ಇಲ್ಲ.

ಕಥೆ ತಿರುಗಿದ್ದು 1969ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಘ ಐಇಇಇಯ ಪವರ್ ವಿಭಾಗದ ಜರ್ನಲ್‌ನ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಒಂದು ಹರ್ಮನ್ ಡೊಮ್ಮೆಲ್ ಅವರದು: ಲೈನಿನಲ್ಲಿ ಆಗುವ ಟ್ರಾನ್ಸಿಯೆಂಟ್‌ಗಳನ್ನು (ಆ ಮೊದಲ ಮಿಲಿಸೆಕೆಂಡ್‌ಗಳ ಏರಿಳಿತಗಳನ್ನು) ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವುದು ಹೇಗೆ ಅಂತ. ಇನ್ನೊಂದು ಜಾರ್ಜ್ ರಾಕ್‌ಫೆಲ್ಲರ್ ಅವರದು: ಇಡೀ ಸಬ್‌ಸ್ಟೇಷನ್‌ನ ರಿಲೇ ಕೆಲಸವನ್ನು ಒಂದು ಡಿಜಿಟಲ್ ಕಂಪ್ಯೂಟರಿಗೆ ಒಪ್ಪಿಸುವುದು ಹೇಗೆ ಅಂತ. ಮೊದಲನೆಯದು ಫಾಲ್ಟನ್ನು ಕಂಪ್ಯೂಟರಿನೊಳಗೆ ತಂದಿತು, ಎರಡನೆಯದು ರಿಲೇಯನ್ನು. ಈ ವಿಷಯದಲ್ಲಿ ಮುಂದೆ ನಡೆದದ್ದೆಲ್ಲ ಈ ಎರಡರ ಜಗಳವೇ ಅಂತ ನನಗನಿಸುತ್ತದೆ. ಫಾಲ್ಟ್ ಮಾಡುವುದು ವರ್ಷದಿಂದ ವರ್ಷಕ್ಕೆ ಸುಲಭವಾಯಿತು. ರಿಲೇಯ ಒಳಗೆ ಏನಾಗುತ್ತಿದೆ ಅಂತ ನೋಡುವುದು ಅಷ್ಟೇ ಕಷ್ಟವಾಯಿತು.

ಡೊಮ್ಮೆಲ್ ಅವರ ದಾರಿ ಇಎಂಟಿಪಿ ಅನ್ನುವ ಪ್ರೋಗ್ರಾಂ ಆಯಿತು. ಅಮೆರಿಕದ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಬೆಳೆಯಿತು. ಇದು ವಿದ್ಯಾರ್ಥಿಗಳಿಗೆಂದು ಬರೆದದ್ದಲ್ಲ, ಕಂಪನಿಗಳ ಎಂಜಿನಿಯರುಗಳಿಗೆ. ಇನ್‌ಪುಟ್ ಎಂದರೆ ಪಂಚ್ ಕಾರ್ಡ್. ಒಂದು ಅಂಕಿ ತನ್ನ ಕಾಲಂ ಬಿಟ್ಟು ಆಚೆ ಕೂತರೆ ಇಡೀ ಲೆಕ್ಕ ಕೆಟ್ಟಿತು. 1984ರಲ್ಲಿ ಇದರಿಂದ ಒಡೆದು ಬಂದ ಎಟಿಪಿ ಲೈಸೆನ್ಸಿಗೆ ದುಡ್ಡು ಕೇಳಲಿಲ್ಲ, ಹಾಗಾಗಿ ಕಾಲೇಜುಗಳಿಗೆ ಹೊಕ್ಕಿತು. ಕಾರ್ಡ್ ಕಾಲ ಮುಗಿದು ಎಷ್ಟೋ ವರ್ಷವಾದರೂ ಎಟಿಪಿ ಫೈಲ್‌ನಲ್ಲಿ ಒಂದೊಂದು ಭಾಗ ಮುಗಿದಾಗಲೂ ‘ಬ್ಲಾಂಕ್’ ಅನ್ನುವ ಸಾಲು ಇರಲೇಬೇಕು. ನಾರ್ವೆಯಲ್ಲಿ ಬೆಳೆದ ಎಟಿಪಿಡ್ರಾ ಬಂದ ಮೇಲೆ ಚಿತ್ರ ಬಿಡಿಸಿದರೆ ಸಾಕಾಯಿತು. ಕೆನಡಾದ ಮ್ಯಾನಿಟೋಬಾದಿಂದ ಪಿಎಸ್‌ಕ್ಯಾಡ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಬಂತು. 1990ರ ದಶಕದ ಕೊನೆಗೆ ಹೈಡ್ರೋ-ಕ್ವಿಬೆಕ್ ನೆರವಿನಿಂದ ಮ್ಯಾಟ್‌ಲ್ಯಾಬ್‌ನ ಸಿಮ್ಯುಲಿಂಕ್‌ಗೆ ಪವರ್ ಸಿಸ್ಟಮ್ ಬ್ಲಾಕ್‌ಗಳು ಬಂದವು. ಫಾಲ್ಟ್ ಬ್ಲಾಕ್ ಎಳೆದು ತಂದು ಬಿಡಿ, ರನ್ ಒತ್ತಿ. ಅಷ್ಟೇ.

ಆ ಹೊತ್ತಿಗೆ ರಿಲೇ ಎಲ್ಲಿತ್ತು? ಎಡ್ಮಂಡ್ ಶ್ವೈಟ್ಜರ್ ಅವರ ಕಂಪನಿ 1984ರಲ್ಲಿ ಎಸ್‌ಇಎಲ್-21 ಅನ್ನುವ ಮೈಕ್ರೊಪ್ರೊಸೆಸರ್ ರಿಲೇ ಮಾರುಕಟ್ಟೆಗೆ ತಂದಿತು. ಆಮೇಲೆ ಡಿಸ್ಕ್ ಇಲ್ಲ, ಗಾಜಿಲ್ಲ. ಒಂದು ಡಬ್ಬಿ, ಒಳಗೆ ಕೋಡ್, ಅದು ಕಂಪನಿಯ ಗುಟ್ಟು. ಸಾಫ್ಟ್‌ವೇರ್‌ಗಳಲ್ಲೂ ಹಾಗೆಯೇ ಆಯಿತು: ರಿಲೇ ಅಂದರೆ ಕರ್ವ್ ಆರಿಸುವ ಒಂದು ಮೆನು. ಒಂದರ ಹಿಂದೊಂದು ಕಾಯುವ ರಿಲೇಗಳ ಕರ್ವ್‌ಗಳು ಒಂದನ್ನೊಂದು ಮುಟ್ಟದೆ ನಡುವೆ 0.3 ಸೆಕೆಂಡ್ ಬಿಟ್ಟು ನಿಂತರೆ ಮಾರ್ಕ್ಸ್ ಸಿಕ್ಕಿತು. ಯಾಕೆ 0.3 ಅಂತ ಕೇಳಿದರೆ ಸುಮ್ನೆ ಮುಖ ನೋಡ್ತಾರೆ. ಬ್ರೇಕರ್ ತೆರೆಯಲು ಹಿಡಿಯುವ ಸಮಯ, ರಿಲೇಯ ತಪ್ಪು, ಸ್ವಲ್ಪ ಧೈರ್ಯಕ್ಕೆ ಅಂತ ಇಡುವ ಅಂತರ ಎಲ್ಲ ಸೇರಿ ಅದಾಗುತ್ತದೆ ಅನ್ನುವುದು ಸ್ಕ್ರೀನ್ ಮೇಲೆ ಕಾಣುವುದಿಲ್ಲವಲ್ಲ.

ಹಾಗಂತ ಸಾಫ್ಟ್‌ವೇರ್ ಬೇಡ ಅಂತಲ್ಲ. ಸಿಮ್ಯುಲಿಂಕ್‌ನಂಥದ್ದರಲ್ಲಿ ವಿದ್ಯಾರ್ಥಿಯೇ ರಿಲೇ ಕಟ್ಟಬಹುದು. ಡಬ್ಬಿ ಮತ್ತೆ ತೆರೆಯುವುದು ಅಲ್ಲೇ. 100 ಕಿ.ಮೀ. ಲೈನ್ ತೆಗೆದುಕೊಳ್ಳಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬರುವ ಇಂಪಿಡೆನ್ಸ್‌ನಿಂದ ಫಾಲ್ಟ್ ಎಷ್ಟು ದೂರ ಅಂತ ಅಳೆಯುವ ಡಿಸ್ಟೆನ್ಸ್ ರಿಲೇಯ ಜೋನ್ 1 ಅನ್ನು (ತಡಮಾಡದೆ ಟ್ರಿಪ್ ಕೊಡುವ ವ್ಯಾಪ್ತಿ) 80 ಕಿ.ಮೀ.ವರೆಗೆ ಇಡಿ, 70ನೇ ಕಿ.ಮೀ.ನಲ್ಲಿ ಫಾಲ್ಟ್ ಕೊಡಿ. 50 ಹರ್ಟ್ಸ್‌ನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಫುಲ್ ಸೈಕಲ್ ಫೂರಿಯರ್ ಫಿಲ್ಟರ್ (ಒಂದು ಸೈಕಲ್‌ನ ಸ್ಯಾಂಪಲ್‌ಗಳಿಂದ 50 ಹರ್ಟ್ಸ್ ಅಂಶವನ್ನು ಹೆಕ್ಕುವ ಲೆಕ್ಕ) ಬರೆದರೆ ಆ 20 ಮಿಲಿಸೆಕೆಂಡ್ ಉದ್ದಕ್ಕೂ ಹಳೆ ಸ್ಯಾಂಪಲ್ ಹೊರಗೆ, ಹೊಸತು ಒಳಗೆ. ಇಂಪಿಡೆನ್ಸ್ ಚುಕ್ಕೆ ಲೋಡ್ ಜಾಗದಿಂದ ಹೊರಟು ಫಾಲ್ಟ್ ಜಾಗಕ್ಕೆ ನಡೆದುಕೊಂಡು ಬರುವುದು ಕಾಣುತ್ತದೆ. ಈಗ ಲೈನಿನ ಕರೆಂಟನ್ನು ಇಳಿಸಿ ರಿಲೇಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರನ್ನು ಆದರ್ಶ ಬ್ಲಾಕ್ ಬಿಟ್ಟು ಸ್ಯಾಚುರೇಟ್ ಆಗುವ ಬ್ಲಾಕಿಗೆ ಬದಲಿಸಿ, ವೋಲ್ಟೇಜ್ ಸೊನ್ನೆ ದಾಟುವ ಹೊತ್ತಿಗೆ ಸರಿಯಾಗಿ ಫಾಲ್ಟ್ ಕೊಡಿ. ಡಿಸಿ ಅಂಶ ಸೇರಿ ಕೋರ್ ತುಂಬಿಹೋಗುತ್ತದೆ, ರಿಲೇಗೆ ಸಿಗುವ ಕರೆಂಟ್ ಕಡಿಮೆಯಾಗುತ್ತದೆ, ಫಾಲ್ಟ್ ಇರುವುದಕ್ಕಿಂತ ದೂರದಲ್ಲಿದೆ ಅನ್ನಿಸುತ್ತದೆ. ಚುಕ್ಕೆ ಜೋನ್ 1ರ ಬಾಗಿಲಲ್ಲೇ ತಡವರಿಸಿ, ಡಿಸಿ ಇಳಿದ ಮೇಲೆ ನಿಧಾನಕ್ಕೆ ಒಳಗೆ ಬರುತ್ತದೆ. ಈ ಒಂದು ಅಭ್ಯಾಸ ಹತ್ತು ಕರ್ವ್ ಬಿಡಿಸುವುದಕ್ಕಿಂತ ಮೇಲು.

ಇನ್ನೊಂದು ಕೊರತೆ ಇದೆ. ರೆಡಿಮೇಡ್ ಉದಾಹರಣೆಗಳಲ್ಲಿ ಯಾವಾಗಲೂ ಫಾಲ್ಟ್ ಇರುತ್ತದೆ. ಆದರೆ ದೊಡ್ಡ ಬ್ಲ್ಯಾಕೌಟ್‌ಗಳನ್ನು ನೋಡಿ. 1965ರ ನವೆಂಬರ್ 9ರಂದು ಕೆನಡಾದ ಸರ್ ಆಡಂ ಬೆಕ್ ಸ್ಟೇಷನ್‌ನಲ್ಲಿ ಒಂದು ಬ್ಯಾಕಪ್ ರಿಲೇ ಬರೀ ಲೋಡ್ ಕಂಡು ಟ್ರಿಪ್ ಕೊಟ್ಟಿತು, ಸುಮಾರು 3 ಕೋಟಿ ಜನ ಕತ್ತಲಲ್ಲಿ ಕೂತರು. 2003ರ ಆಗಸ್ಟ್ 14ರಂದು ಓಹಾಯೊದ ಸ್ಯಾಮಿಸ್-ಸ್ಟಾರ್ ಲೈನನ್ನು ಜೋನ್ 3 (ಮುಂದಿನ ಲೈನುಗಳವರೆಗೂ ಚಾಚುವ, ತಡವಾಗಿ ಟ್ರಿಪ್ ಕೊಡುವ ಬ್ಯಾಕಪ್ ವ್ಯಾಪ್ತಿ) ಬಿಚ್ಚಿತು. 2012ರ ಜುಲೈ 30ರಂದು ಭಾರತದಲ್ಲಿ ಬೀನಾ-ಗ್ವಾಲಿಯರ್ ಲೈನೂ ಜೋನ್ 3ರಲ್ಲೇ ಹೋಯಿತು. ಮೂರರಲ್ಲೂ ಆ ಲೈನ್ ಮೇಲೆ ಫಾಲ್ಟೇ ಇರಲಿಲ್ಲ. ರಿಲೇ ಟ್ರಿಪ್ ಮಾಡಬಾರದ ಸನ್ನಿವೇಶವನ್ನು ಕೊಡುವ ಲ್ಯಾಬ್ ಮ್ಯಾನ್ಯುಯಲ್ ಎಷ್ಟಿವೆ ಹೇಳಿ? ಜೋನ್ 3 ಅನ್ನು ದೂರ ದೂರ ಚಾಚುವುದನ್ನು ಕಲಿಸ್ತೀವಿ, ವೋಲ್ಟೇಜ್ ಕುಸಿದು ಲೋಡ್ ಏರಿದಾಗ ಆ ಚುಕ್ಕೆ ಎಲ್ಲಿಗೆ ಬರುತ್ತೆ ಅಂತ ಓಡಿಸಿ ನೋಡಲ್ಲ.

1989ರಲ್ಲಿ ಮ್ಯಾನಿಟೋಬಾದವರು ರಿಯಲ್ ಟೈಮ್ ಡಿಜಿಟಲ್ ಸಿಮ್ಯುಲೇಟರ್ ತೋರಿಸಿದರು. ಆಮೇಲೆ ನಿಜವಾದ ರಿಲೇಯನ್ನೇ ಸುಳ್ಳು ಗ್ರಿಡ್‌ಗೆ ಜೋಡಿಸುವುದು ಸಾಧ್ಯವಾಯಿತು. ಸೊಗಸಾದ ವ್ಯವಸ್ಥೆ, ಆದರೆ ಬೆಲೆ ನೋಡಿದರೆ ಹೆಚ್ಚಿನ ಕಾಲೇಜುಗಳಿಗೆ ದೂರದ ಮಾತು. ಅದಿಲ್ಲದವರಿಗೆ ಕಾಮ್‌ಟ್ರೇಡ್ ಇದೆ. 1991ರಲ್ಲಿ ಬಂದ ಈ ಫೈಲ್ ಮಾದರಿಯಲ್ಲಿ ನಿಜವಾದ ಫಾಲ್ಟ್ ರೆಕಾರ್ಡುಗಳು ಸಿಗುತ್ತವೆ. ವಿದ್ಯಾರ್ಥಿ ಕಟ್ಟಿದ ರಿಲೇಗೆ ಅದನ್ನೇ ಉಣಿಸಬಹುದು, ಖರ್ಚೂ ಇಲ್ಲ.

ಈಗ ಸೋಲಾರ್ ಇನ್ವರ್ಟರ್‌ಗಳು ಬಂದು ಹಳೆ ಪಾಠವನ್ನೇ ಅಲ್ಲಾಡಿಸುತ್ತಿವೆ. ಜನರೇಟರ್ ಫಾಲ್ಟ್ ಹೊತ್ತಿನಲ್ಲಿ ರೇಟೆಡ್ ಕರೆಂಟಿನ ಹಲವು ಪಟ್ಟು ಕೊಡುತ್ತದೆ. ಇನ್ವರ್ಟರ್ ಸಾಮಾನ್ಯವಾಗಿ ಒಂದೂವರೆ ಪಟ್ಟು ದಾಟುವುದಿಲ್ಲ, ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ಎಷ್ಟು ಕೊಡಬೇಕು ಅನ್ನುವುದನ್ನು ಅದರ ಕಂಟ್ರೋಲ್ ಕೋಡ್ ತೀರ್ಮಾನಿಸುತ್ತದೆ, ಆ ಕೋಡೂ ಕಂಪನಿಯ ಗುಟ್ಟು. ಅಂದರೆ ಇಷ್ಟು ದಿನ ಡಬ್ಬಿಯೊಳಗಿದ್ದದ್ದು ರಿಲೇ ಮಾತ್ರ, ಈಗ ಸೋರ್ಸ್ ಕೂಡ ಅದೇ ದಾರಿ ಹಿಡಿದಿದೆ.