ಕಾಳು, ತಟ್ಟೆ ಮತ್ತು ಎರಡೂವರೆ ಲಕ್ಷ ಡಾಲರ್

ಬ್ರೇಕ್‌ಥ್ರೂ ಜೂನಿಯರ್ ಚಾಲೆಂಜ್ ಎಂಬ ವಿದ್ಯಾರ್ಥಿಗಳ ವಿಜ್ಞಾನ ವೀಡಿಯೊ ಸ್ಪರ್ಧೆಗೆ ಅರ್ಜಿ ಹಾಕಲು ಹೊರಟ ಮಕ್ಕಳು ಮೊದಲು ಹುಡುಕುವುದು ಒಳ್ಳೆಯ ಕ್ಯಾಮೆರಾ, ಆಮೇಲೆ ಎಡಿಟಿಂಗ್ ಆ್ಯಪ್. ವಿಷಯ ಯಾವುದು ಎಂಬ ಪ್ರಶ್ನೆ ಮೂರನೆಯದು. ಈ ಕ್ರಮ ತಲೆಕೆಳಗಾಗಿದೆ. ಇಲ್ಲಿ ಅಂಕ ಬೀಳುವುದು ಬಿಡಿಸಿ ಹೇಳುವುದಕ್ಕೆ. ವೀಡಿಯೊ ಅದಕ್ಕೊಂದು ಪಾತ್ರೆ, ಅಷ್ಟೆ.

2015ರಲ್ಲಿ ಶುರುವಾದ ಈ ಸ್ಪರ್ಧೆ 13ರಿಂದ 18 ವರ್ಷದವರಿಗೆ. ಜೀವವಿಜ್ಞಾನ, ಭೌತವಿಜ್ಞಾನ ಅಥವಾ ಗಣಿತದ ಒಂದು ದೊಡ್ಡ ಕಲ್ಪನೆಯನ್ನು ವಿದ್ಯಾರ್ಥಿ ತಾನೇ ತಯಾರಿಸಿದ ವೀಡಿಯೊದಲ್ಲಿ ವಿವರಿಸಬೇಕು. ಗೆದ್ದವರಿಗೆ 2,50,000 ಡಾಲರ್‌ಗಳ ಕಾಲೇಜು ವಿದ್ಯಾರ್ಥಿವೇತನ, ಅವರಿಗೆ ಸ್ಫೂರ್ತಿ ಕೊಟ್ಟ ಶಿಕ್ಷಕರಿಗೆ 50,000 ಡಾಲರ್, ಶಾಲೆಗೆ 1,00,000 ಡಾಲರ್ ಬೆಲೆಯ ಪ್ರಯೋಗಾಲಯ. ಭಾರತದಿಂದಲೂ ಅರ್ಜಿ ಹಾಕಬಹುದು. ಬೆಂಗಳೂರಿಗಂತೂ ಈ ಬಹುಮಾನ ಎರಡು ಸಲ ಬಂದಿದೆ, ಅದೂ ಒಂದೇ ಮನೆಗೆ. 2018ರಲ್ಲಿ ಸಮಯ್ ಗೋಡಿಕಾ ದೇಹದ ದಿನಚರಿ ಗಡಿಯಾರದ ಬಗ್ಗೆ ಮಾಡಿದ ವೀಡಿಯೊ ಗೆದ್ದಿತು. 2023ರಲ್ಲಿ ಅವರ ತಂಗಿ ಸಿಯಾ, ಬೆಳೆದ ಜೀವಕೋಶವನ್ನು ಮತ್ತೆ ಕಾಂಡಕೋಶದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ) ಸ್ಥಿತಿಗೆ ಮರಳಿಸುವ ಯಮನಾಕ ಅಂಶಗಳನ್ನು ವಿವರಿಸಿ ಗೆದ್ದರು. ಎರಡೂ ವಿಷಯಗಳ ಅಗಲ ಎಷ್ಟು ಕಡಿಮೆ ನೋಡಿ. ‘ನಿದ್ರೆ’ ಅಲ್ಲ, ‘ಜೀವಕೋಶ’ವೂ ಅಲ್ಲ.

ತೀರ್ಪಿನ ಅಳತೆಗೋಲು ನಾಲ್ಕು: ನೋಡುಗರನ್ನು ಹಿಡಿದಿಡುವುದು, ವಿಷಯ ತಿಳಿಯಾಗುವುದು, ಸೃಜನಶೀಲತೆ, ವಿಷಯದ ಕಷ್ಟ. ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಮಳೆಬಿಲ್ಲು ಹೇಗಾಗುತ್ತದೆ ಎಂದು ಎಷ್ಟೇ ಚೆಂದವಾಗಿ ಹೇಳಿದರೂ ಅಲ್ಲಿ ಅಂಕ ಸಿಗದು. ಹಾಗೆಂದು ಕ್ವಾಂಟಮ್ ಫೀಲ್ಡ್ ಥಿಯರಿಗೆ ಕೈ ಹಾಕಿದರೆ ಎರಡನೆಯದು ಕೈತಪ್ಪುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ವಿಷಯ ಸಾಧ್ಯತೆಯ ಲೆಕ್ಕಕ್ಕೆ ಸೇರಿದ ಬೇಯಸ್ ಪ್ರಮೇಯ. ಸಾವಿರ ಜನರಲ್ಲಿ ಒಬ್ಬರಿಗಿರುವ ರೋಗ. ರೋಗವಿದ್ದವರನ್ನು ಎಂದೂ ತಪ್ಪಿಸದ, ಆದರೆ ಇಲ್ಲದವರಲ್ಲಿ ಶೇ 5 ಮಂದಿಗೆ ಸುಳ್ಳೇ ‘ಇದೆ’ ಎನ್ನುವ ಪರೀಕ್ಷೆ. ನಿಮಗೆ ‘ಇದೆ’ ಎಂದು ಬಂದರೆ ರೋಗವಿರುವ ಸಾಧ್ಯತೆ ಎಷ್ಟು? ಹೆಚ್ಚಿನವರು ಶೇ 95 ಎನ್ನುತ್ತಾರೆ. ಮೇಜಿನ ಮೇಲೊಂದು ತಟ್ಟೆ, ಅದರಲ್ಲಿ ರೋಗವಿಲ್ಲದವರಿಗೆ 999 ಹೆಸರುಕಾಳು, ರೋಗವಿರುವವರಿಗೆ ಒಂದೇ ಒಂದು ಗುಲಗಂಜಿ. ಪರೀಕ್ಷೆ ಗುಲಗಂಜಿಯನ್ನೂ, ಜೊತೆಗೆ ಸುಮಾರು 50 ಹೆಸರುಕಾಳನ್ನೂ ಎತ್ತಿ ಪಕ್ಕಕ್ಕಿಡುತ್ತದೆ. ಆ 51ರಲ್ಲಿ ಗುಲಗಂಜಿ ಒಂದೇ: ಶೇ 2. ಇಲ್ಲಿಗೆ ನಿಲ್ಲಿಸಿದರೆ ಅದು ಒಳ್ಳೆಯ ಪಾಠ, ಸ್ಪರ್ಧೆಗೆ ಸಾಲದು. ಇನ್ನೊಂದು ಹೆಜ್ಜೆ ಇಡಬೇಕು. ಅದೇ 51ಕ್ಕೆ ಮೊದಲನೆಯದರ ತಪ್ಪಿಗೆ ಸಂಬಂಧವಿಲ್ಲದ, ಅಷ್ಟೇ ನಿಖರವಾದ ಎರಡನೇ ಪರೀಕ್ಷೆ ಮಾಡಿದರೆ ಗುಲಗಂಜಿಯ ಜೊತೆ 50ರಲ್ಲಿ ಉಳಿಯುವುದು ಸರಾಸರಿ ಎರಡೂವರೆ ಕಾಳು. ಸಾಧ್ಯತೆ ಸುಮಾರು ಶೇ 29ಕ್ಕೆ ಜಿಗಿಯುತ್ತದೆ. ಹೊಸ ಸಾಕ್ಷ್ಯ ಬಂದಂತೆ ನಂಬಿಕೆ ಹೇಗೆ ಬದಲಾಗಬೇಕು ಎಂಬ ಪ್ರಮೇಯದ ತಿರುಳು ಆಗ ಕಣ್ಣಿಗೆ ಕಾಣುತ್ತದೆ. ಸೂತ್ರ ಪರದೆಗೆ ಬರಬೇಕಾದ್ದು ಅದಾದ ಮೇಲೆ.

ವೀಡಿಯೊದ ಕಾಲಮಿತಿ ವರ್ಷ ಕಳೆದಂತೆ ಕುಗ್ಗುತ್ತ ಬಂದಿದೆ. ಬರೆಯಲು ಕೂರುವ ಮುನ್ನ ಆ ವರ್ಷದ ನಿಯಮ ಓದಿ. ಎರಡು ನಿಮಿಷ ಸಿಕ್ಕಿತು ಎಂದಿಟ್ಟುಕೊಳ್ಳಿ. ಅವಸರವಿಲ್ಲದ ಇಂಗ್ಲಿಷ್ ಮಾತಿಗೆ ನಿಮಿಷಕ್ಕೆ 130ರಿಂದ 140 ಪದ. ಚಿತ್ರವೇ ಮಾತಾಡಬೇಕಾದ ಜಾಗಕ್ಕೆ ಹದಿನೈದು ಸೆಕೆಂಡ್ ಬಿಟ್ಟರೆ ಉಳಿಯುವುದು 240 ಪದಗಳ ಆಸುಪಾಸು. ಮೊದಲ ಕರಡು 500 ಪದ ಆಗೇ ಆಗುತ್ತದೆ. ಅದನ್ನು ಕತ್ತರಿಸದೆ ವೇಗವಾಗಿ ಓದಿ ಮುಗಿಸುವುದು, ಎಡಿಟಿಂಗ್‌ನಲ್ಲಿ ಧ್ವನಿಯ ವೇಗ ಏರಿಸುವುದು ಸಾಮಾನ್ಯ ಚಾಳಿ. ಕೇಳುವವರಿಗೆ ಉಸಿರುಗಟ್ಟುತ್ತದೆ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಮಾತು, ಬಲಕ್ಕೆ ಆ ಹೊತ್ತಿಗೆ ಕಾಣುವ ಚಿತ್ರ ಬರೆಯಿರಿ. ಬಲಗಡೆ ‘ನಾನು ಮಾತಾಡುತ್ತಿದ್ದೇನೆ’ ಎಂದೇ ಸಾಲುಸಾಲಾಗಿ ಬಂದರೆ ಆ ವಿಷಯಕ್ಕೆ ನಿಮ್ಮ ಬಳಿ ಇನ್ನೂ ಚಿತ್ರ ಹುಟ್ಟಿಲ್ಲ.

ಚಿತ್ರೀಕರಣಕ್ಕೆ ಫೋನ್ ಸಾಕು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ದೃಶ್ಯ ಮಿನುಗಬಹುದು. ಸೆಟ್ಟಿಂಗ್ಸ್‌ನಲ್ಲಿ 50 ಹರ್ಟ್ಸ್ ಆಯ್ಕೆ ಮಾಡಿ, ಇಲ್ಲವೇ ಶಟರ್ ವೇಗವನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಕಟ್ಟಿಹಾಕಿ. ಕಾಳುಗಳನ್ನು ಒಂದೊಂದಾಗಿ ಸರಿಸಿ, ಪ್ರತಿ ಸಲ ಫೋಟೊ ತೆಗೆದು ಜೋಡಿಸುವ ಸ್ಟಾಪ್ ಮೋಷನ್ ಮಾಡುವುದಾದರೆ ಸೆಕೆಂಡಿಗೆ 12 ಫೋಟೊ, ಹತ್ತು ಸೆಕೆಂಡಿಗೆ 120. ಕಿಟಕಿ ಬೆಳಕಿನಲ್ಲಿ ಈ ಕೆಲಸ ಬೇಡ. ಒಂದು ಮೋಡ ಹಾದರೆ ಅರ್ಧ ಗಂಟೆಯ ಶ್ರಮ ಬಣ್ಣಗೆಡುತ್ತದೆ. ಮಸುಕಾದ ಚಿತ್ರವನ್ನು ಜನ ಸಹಿಸಿಯಾರು, ಗೊರಗೊರ ಧ್ವನಿಯನ್ನಲ್ಲ. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಕೂತು, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕ್ ಹಿಡಿದು ಧ್ವನಿಯನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಿ. ಕುಕ್ಕರ್ ಸೀಟಿಯ ಹೊತ್ತು ತಪ್ಪಿಸಿ. ಸಿನಿಮಾ ಹಾಡಿನ ತುಣುಕು, ಯಾರದೋ ಅನಿಮೇಷನ್ ಸೇರಿಸುವ ಆಸೆ ಬಿಡಿ; ಹಕ್ಕುಸ್ವಾಮ್ಯದ ತಕರಾರಿಗೆ ಒಳ್ಳೆಯ ವೀಡಿಯೊವೂ ಬಲಿಯಾಗುತ್ತದೆ.

ಸಲ್ಲಿಸಿದ ಮೇಲೆ ಕೆಲಸ ಮುಗಿಯಿತು ಎಂದು ಲ್ಯಾಪ್‌ಟಾಪ್ ಮುಚ್ಚುವವರು ನೇರವಾಗಿ ಸ್ಪರ್ಧೆಯಿಂದಲೇ ಹೊರಬೀಳುತ್ತಾರೆ. ಮುಂದಿನ ಹಂತದಲ್ಲಿ ಪ್ರತಿಯೊಬ್ಬರೂ ಬೇರೆ ಸ್ಪರ್ಧಿಗಳ ಕನಿಷ್ಠ ಐದು ವೀಡಿಯೊ ನೋಡಿ ಅಂಕ ಕೊಡಲೇಬೇಕು. ಅದಕ್ಕೂ ಗಡುವಿದೆ, ಕ್ಯಾಲೆಂಡರಿನಲ್ಲಿ ಆ ದಿನಕ್ಕೂ ಗುರುತು ಹಾಕಿಕೊಳ್ಳಿ. ಈ ನಿಯಮದಲ್ಲಿ ಇನ್ನೊಂದು ಸೂಚನೆಯೂ ಅಡಗಿದೆ. ನಿಮ್ಮ ವೀಡಿಯೊಗೆ ಮೊದಲು ಅಂಕ ಕೊಡುವವರು ಪ್ರೊಫೆಸರುಗಳಲ್ಲ. ಇನ್ನಾವುದೋ ದೇಶದ ಹದಿನೈದರ ಹುಡುಗಿ, ಹದಿನೇಳರ ಹುಡುಗ. ಗುಲಗಂಜಿ ಎಂದರೇನೆಂದು ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಅದು ಪರದೆಯ ಮೇಲೆ ಕೆಂಪಗೆ, ದೊಡ್ಡದಾಗಿ, ಹೆಸರಿನ ಹಂಗಿಲ್ಲದೆ ಕಾಣಬೇಕು. ಕರಡು ವೀಡಿಯೊವನ್ನು ಹತ್ತನೇ ತರಗತಿಯ ಇಬ್ಬರಿಗೆ ಒಂದೇ ಸಲ ತೋರಿಸಿ, ಶೇ 2 ಎಲ್ಲಿಂದ ಬಂತು ಎಂದು ಅವರ ಬಾಯಲ್ಲೇ ಹೇಳಿಸಿ. ಅವರು ತೊದಲಿದ ಜಾಗದ ಸಾಲನ್ನೇ ತಿದ್ದಿ, ಮತ್ತೆ ಬೇರೆ ಇಬ್ಬರನ್ನು ಹುಡುಕಿ. ಮೊದಲಿನವರಿಗೆ ಈಗಾಗಲೇ ಉತ್ತರ ಗೊತ್ತು.