ಇಂಟೂ ಪಾಯಿಂಟರೂ ಒಂದೇ ಆಗಿದ್ದ ಕಾಲ

‘ಮೇಕ್ಸ್ ಪಾಯಿಂಟರ್ ಫ್ರಂ ಇಂಟಿಜರ್ ವಿದೌಟ್ ಎ ಕಾಸ್ಟ್.’ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವರೆಲ್ಲ ಒಮ್ಮೆಯಾದರೂ ಕಂಪೈಲರ್ (ನಾವು ಬರೆದ ಕೋಡನ್ನು ಮಷೀನಿನ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಕೊಡುವ ಈ ವಾರ್ನಿಂಗ್ ನೋಡಿರುತ್ತಾರೆ. ಇಂಟಿಜರ್ ಅಂದರೆ ಪೂರ್ಣಾಂಕ, ಸಿಯಲ್ಲಿ ಚಿಕ್ಕದಾಗಿ ಇಂಟ್. ಪಾಯಿಂಟರ್ ಅಂದರೆ ಮೆಮೊರಿಯ ಒಂದು ಜಾಗದ ವಿಳಾಸ. ‘ಇದನ್ನು ಅದೆಂದು ತಿಳಿ’ ಎಂದು ಬಾಯಿಬಿಟ್ಟು ಹೇಳುವುದು ಕಾಸ್ಟ್. ಹಾಗೆ ಹೇಳದೆ ಸಂಖ್ಯೆಯನ್ನು ವಿಳಾಸ ಮಾಡಿದ್ದೀರಿ ಅನ್ನುವುದೇ ತಕರಾರು. ಪ್ರೋಗ್ರಾಂ ಓಡಿತಲ್ಲ ಅಂತ ಸುಮ್ನೆ ಬಿಟ್ಟವರೇ ಜಾಸ್ತಿ. ನಾನೂ ಅವರಲ್ಲೊಬ್ಬ.

ಈ ತಕರಾರಿನ ಬೇರು ಸಿ ಭಾಷೆಗಿಂತ ಹಳೆಯದು. ಸಿ ಹುಟ್ಟಿದ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಅದಕ್ಕೆ ಮೊದಲು ಇದ್ದದ್ದು ಬಿ ಎಂಬ ಭಾಷೆ. ಅದರಲ್ಲಿ ಟೈಪ್, ಅಂದರೆ ಇದು ಸಂಖ್ಯೆ, ಇದು ವಿಳಾಸ ಎಂಬ ವಿಂಗಡಣೆ, ಅನ್ನುವುದೇ ಇರಲಿಲ್ಲ. ಎಲ್ಲವೂ ಒಂದೇ ಅಳತೆಯ ವರ್ಡ್, ಮೆಮೊರಿಯ ಒಂದು ತುಂಡು. ಅದನ್ನು ಸಂಖ್ಯೆ ಅಂದರೂ ಸರಿ, ವಿಳಾಸ ಅಂದರೂ ಸರಿ. ಪಿಡಿಪಿ-11 ಮಷೀನಿನಲ್ಲಿ ಒಂದೊಂದು ಬೈಟ್‌ಗೂ ವಿಳಾಸವಿತ್ತು. ಬಿ ಅದಕ್ಕೆ ಒಗ್ಗಲಿಲ್ಲ. ಅಲ್ಲೇ ಕೆಲಸ ಮಾಡುತ್ತಿದ್ದ ಡೆನಿಸ್ ರಿಚಿ ಅದಕ್ಕೆ ಟೈಪ್‌ಗಳನ್ನು ಸೇರಿಸುತ್ತಾ ಹೋಗಿ ಸಿ ಆಯಿತು. ಆದರೆ ಪಿಡಿಪಿ-11ರಲ್ಲಿ ಇಂಟ್ ಕೂಡ 16 ಬಿಟ್, ಪಾಯಿಂಟರ್ ಕೂಡ 16 ಬಿಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ನಡೆಯುತ್ತಿತ್ತು. ನಡೆದ ಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ?

1970ರ ದಶಕದ ಕೊನೆಯಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು 32 ಬಿಟ್‌ನ ಇಂಟರ್‌ಡೇಟಾ 8/32 ಮಷೀನಿಗೆ ಒಯ್ದರು. ಅಲ್ಲಿಗೆ ಈ ಸಲುಗೆ ದುಬಾರಿಯಾಯಿತು. ಅದೇ ಹೊತ್ತಿಗೆ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ತಮ್ಮ ಕಂಪೈಲರನ್ನೇ ತಿದ್ದಿ, ಕೋಡಿನ ತಪ್ಪು ಹುಡುಕುವ ‘ಲಿಂಟ್’ ಮಾಡಿದರು. ಲಿಂಟ್ ಅಂದರೆ ಬಟ್ಟೆಗೆ ಅಂಟುವ ಜುಂಗು. ಕಂಪೈಲರ್ ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತಿತ್ತು. ಲಿಂಟ್ ಹಲವು ಫೈಲುಗಳನ್ನು ಎದುರುಬದುರು ಇಟ್ಟು, ಫಂಕ್ಷನ್ ಅನ್ನು (ಒಂದು ಕೆಲಸಕ್ಕೆ ಹೆಸರಿಟ್ಟ ಕೋಡಿನ ತುಂಡು) ಇಲ್ಲಿ ಕರೆದದ್ದಕ್ಕೂ ಅಲ್ಲಿ ಬರೆದದ್ದಕ್ಕೂ ತಾಳೆಯಿಲ್ಲ ಎಂದು ತೋರಿಸುತ್ತಿತ್ತು.

ಸಿ ಭಾಷೆಯ ನಿಯಮಗಳನ್ನು ಗೊತ್ತುಮಾಡಿದ 1989ರ ಸ್ಟ್ಯಾಂಡರ್ಡ್ ಪ್ರೊಟೊಟೈಪ್ ತಂದಿತು, ಅಂದರೆ ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡುತ್ತದೆ ಎಂದು ಮೊದಲೇ ಹೇಳುವ ಸಾಲು. ತಾಳೆ ನೋಡುವುದು ಕಂಪೈಲರಿಗೂ ಸಾಧ್ಯವಾಯಿತು. ಆದರೂ ಡಿಕ್ಲೇರ್ ಮಾಡದ, ಅಂದರೆ ಮೊದಲೇ ಹೀಗೆ ಹೇಳಿರದ, ಫಂಕ್ಷನ್ ಇಂಟ್ ಕೊಡುತ್ತದೆ ಎಂಬ ಹಳೇ ಊಹೆ ಉಳಿಯಿತು. 1999ರಲ್ಲಿ ಸ್ಟ್ಯಾಂಡರ್ಡ್ ಅದನ್ನು ಕಿತ್ತುಹಾಕಿದರೂ ಕಂಪೈಲರುಗಳು ವಾರ್ನಿಂಗ್ ಕೊಟ್ಟು ಬಿಡುತ್ತಿದ್ದವು.

64 ಬಿಟ್ ಲಿನಕ್ಸ್‌ನಲ್ಲಿ ಇದು ನಿಜಕ್ಕೂ ಕಚ್ಚುತ್ತದೆ. ಇಂಟ್ 4 ಬೈಟ್, ಪಾಯಿಂಟರ್ 8 ಬೈಟ್. ಡಿಕ್ಲೇರ್ ಮಾಡದ ನಿಮ್ಮ ಫಂಕ್ಷನ್ ಕೊಡುವುದು ವಿಳಾಸ, ಕಂಪೈಲರ್ ಅಂದುಕೊಳ್ಳುವುದು ಇಂಟ್. ವಿಳಾಸದ ಮೇಲರ್ಧ ಉದುರಿಹೋಗುತ್ತದೆ. ಇಷ್ಟಾದರೂ ಕೆಲವೊಮ್ಮೆ ಪ್ರೋಗ್ರಾಂ ಓಡುತ್ತದೆ, ವಿಳಾಸ ಚಿಕ್ಕದಾಗಿದ್ದರೆ! ದೊಡ್ಡದಾದ ದಿನ ಸೆಗ್ಮೆಂಟೇಶನ್ ಫಾಲ್ಟ್, ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸಾಯುತ್ತದೆ.

ಜಿಸಿಸಿ ಎಂಬ ಕಂಪೈಲರಿನ 2024ರಲ್ಲಿ ಬಂದ 14ನೇ ಆವೃತ್ತಿ ಇಂಥವನ್ನು ನೇರವಾಗಿ ಎರರ್ ಮಾಡಿತು. ಹಳೇ ಕೋಡ್ ಕಂಪೈಲ್ ಆಗದೆ ನಿಂತಿತು. ಆಗ ಕೈ ಮೊದಲು ಹೋಗುವುದು ಕಾಸ್ಟ್ ಹಾಕುವುದಕ್ಕೆ. ಕಾಸ್ಟ್ ಹಾಕಿದರೆ ಟೈಪ್‌ನ ತಕರಾರು ಬಾಯಿ ಮುಚ್ಚುತ್ತದೆ, ಉದುರಿದ 4 ಬೈಟ್ ವಾಪಸ್ ಬರುವುದಿಲ್ಲ. ಬೇಕಾಗಿದ್ದದ್ದು ಹೆಡರ್ ಫೈಲಿನ (ಪ್ರೊಟೊಟೈಪ್‌ಗಳನ್ನು ಬರೆದಿಡುವ ಫೈಲ್) ಒಂದು ಸಾಲು.